ನಡುವಿನ ಪೆಟ್ಟಿಗೆ

ಸಂಘದ ಬಂಧುಗಳ ಮನೆಗಳಿಗೆ ಹೋದಾಗ ಈಚೆಗೆ ನಾವು ಒಂದು ಸಂಗತಿಯನ್ನು ಗಮನಿಸುತ್ತಿದ್ದೇವೆ. ಗೋಡೆಯ ಮೇಲೆ ದೊಡ್ಡ ಟಿ.ವಿ., ಅದರ ಕೆಳಗೆ ಉದ್ದನೆಯ ಒಂದು ಸ್ಪೀಕರ್ ಪೆಟ್ಟಿಗೆ, ಎಡಬಲಕ್ಕೆ ಎರಡು, ಸೋಫಾದ ಹಿಂದೆ ಮತ್ತೆರಡು, ಮೂಲೆಯಲ್ಲಿ ಅಕ್ಕಿಯ ಡಬ್ಬದಷ್ಟು ದೊಡ್ಡದಾದ ಇನ್ನೊಂದು. ಇದಕ್ಕೆ ಹೋಂ ಥಿಯೇಟರ್ ಎಂದು ಹೆಸರು. ಕನ್ನಡ ಚಿತ್ರವೊಂದನ್ನು ಹಾಕುತ್ತಾರೆ, ಮನೆ ನಡುಗುತ್ತದೆ. ಪರದೆಯ ಕೆಳಗೆ ಮಾತ್ರ ಇಂಗ್ಲಿಷಿನ ಅಡಿಬರಹ ಓಡುತ್ತಿರುತ್ತದೆ. ಕನ್ನಡಿಗರ ಮನೆಯಲ್ಲಿ ಕನ್ನಡ ಚಿತ್ರಕ್ಕೆ ಇಂಗ್ಲಿಷ್ ಅಡಿಬರಹವೇಕೆ ಎಂದು ಕೇಳಿದರೆ ಎಲ್ಲರ ಉತ್ತರವೂ ಒಂದೇ: "ಮಾತು ಸರಿಯಾಗಿ ಕೇಳುವುದಿಲ್ಲ ಸಾರ್."

ಐದು ಸ್ಪೀಕರು, ಒಂದು ಸಬ್‌ವೂಫರು, ಕೈಬಿಚ್ಚಿ ಮಾಡಿದ ಖರ್ಚು. ಗುಡುಗು ಕೇಳುತ್ತದೆ, ಕುದುರೆಯ ಖುರಪುಟ ಕೇಳುತ್ತದೆ, ಗಾಜು ಒಡೆದದ್ದು ಕೇಳುತ್ತದೆ. ಮಾತು ಕೇಳುವುದಿಲ್ಲ! ಈ ವಿಚಿತ್ರದ ಬಗ್ಗೆ ನಾಲ್ಕು ಸಾಲು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆವು. ಸಂಪಾದಕರು ಕೇಳಿದ್ದು ಚಿತ್ರವಿಮರ್ಶೆಯನ್ನು. ನಾವು ಕೊಡುತ್ತಿರುವುದು ಪೆಟ್ಟಿಗೆಗಳ ವಿಮರ್ಶೆಯನ್ನು. ಚಿತ್ರವೂ ನಡುವೆ ಬರುತ್ತದೆ, ಓದುಗರು ತಾಳ್ಮೆಗೆಡಬಾರದು.

ಪರರ ಮನೆಯ ದೋಷ ಎಣಿಸುವ ಮೊದಲು ನಮ್ಮ ಮನೆಯದನ್ನು ಹೇಳಿಬಿಡುವುದು ಒಳಿತು. ಪೇಟೆಯ ಅಂಗಡಿಯೊಂದರಿಂದ ನಾವೂ ಈ ಆರು ಪೆಟ್ಟಿಗೆಗಳನ್ನು ತಂದೆವು. ಜೋಡಿಸಲು ಬಂದ ಹುಡುಗ ಅರ್ಧ ಗಂಟೆಯಲ್ಲಿ ತಂತಿಗಳನ್ನು ಎಳೆದು, ಹೆಲಿಕಾಪ್ಟರ್ ಹಾರುವ ಒಂದು ಇಂಗ್ಲಿಷ್ ದೃಶ್ಯವನ್ನು ಹಾಕಿದ. ಹೆಲಿಕಾಪ್ಟರು ನಮ್ಮ ತಲೆಯ ಹಿಂದಿನಿಂದ ಬಂದು ಅಡುಗೆಮನೆಯ ಕಡೆಗೆ ಹೋಯಿತು. "ಕೈಸಾ ಹೈ, ಸಾಬ್?" ಎಂದ. ನಾವು ಬೆರಗಾಗಿ ಅವನಿಗೆ ಚಹಾದ ಜೊತೆಗೆ ಇನಾಮನ್ನೂ ಕೊಟ್ಟೆವು. ಹೆಲಿಕಾಪ್ಟರು ಕೇಳಲೆಂದೇ ಅವನು ಹಿಂದಿನ ಎರಡು ಪೆಟ್ಟಿಗೆಗಳನ್ನೂ ಸಬ್‌ವೂಫರನ್ನೂ ಏರಿಸಿಟ್ಟಿದ್ದ ಎಂಬುದು ನಮಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ.

ಆ ಮಧ್ಯೆ ಮನೆಮಂದಿಯೆಲ್ಲ ಕೂತು 'ಕಾಂತಾರ'ವನ್ನು ನೋಡಿದೆವು. ರಿಷಬ್ ಶೆಟ್ಟಿಯವರು ಬರೆದು, ನಿರ್ದೇಶಿಸಿ, ತಾವೇ ನಾಯಕರಾಗಿ ನಟಿಸಿದ ಈ ಚಿತ್ರ 2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾಯಿತು. ಅದು ಗಳಿಸಿದ ಕೀರ್ತಿಯನ್ನು ನಾವು ಹೇಳಬೇಕಾಗಿಲ್ಲ. ನಮ್ಮ ತಾಯಿಯವರ ತವರು ಕುಂದಾಪುರದ ಕಡೆ. ಎಂಬತ್ತರ ಹತ್ತಿರದ ವಯಸ್ಸು. ತಮ್ಮ ಊರಿನ ಮಾತನ್ನು ಚಿತ್ರದಲ್ಲಿ ಕೇಳಬಹುದೆಂಬ ಆಸೆಯಿಂದ ಸಂಜೆಯ ದೀಪ ಹಚ್ಚಿ ಬೇಗ ಬಂದು ಕೂತಿದ್ದರು. ನಮ್ಮ ಹುಡುಗ ಮುಂಬಯಿಯಲ್ಲೇ ಹುಟ್ಟಿದವನು. ಶಾಲೆ ಇಂಗ್ಲಿಷಿನಲ್ಲಿ, ಆಟ ಹಿಂದಿಯಲ್ಲಿ, ಜಗಳ ಮರಾಠಿಯಲ್ಲಿ. ಕನ್ನಡ ಊಟದ ಹೊತ್ತಿನಲ್ಲಿ.

ಕಂಬಳದ ಗದ್ದಲ ಬಂತು. ಕಿಟಕಿಯ ಗಾಜು ಗಡಗಡ ಎಂದಿತು. ತಾಯಿಯವರು ಕಿವಿಯ ಹಿಂದೆ ಕೈಯಿಟ್ಟು ಮುಂದಕ್ಕೆ ಬಾಗಿದರು. ಗೆಳೆಯರು ಸೇರಿ ತಮಾಷೆ ಮಾಡುವ ಸನ್ನಿವೇಶದಲ್ಲಿ ಮಾತು ಯಾವುದೋ ಗೋಣಿಚೀಲದೊಳಗಿಂದ ಬಂದ ಹಾಗಿತ್ತು, ಸದ್ದು ಹೆಚ್ಚಿಸಿದೆವು. ಮರುಕ್ಷಣವೇ ಹೊಡೆದಾಟ, ಡೋಲು, ಕೂಗು. ತಗ್ಗಿಸಿದೆವು. ಮತ್ತೆ ಮಾತು, ಮತ್ತೆ ಹೆಚ್ಚಿಸಿದೆವು. ಹೀಗೆ ರಿಮೋಟನ್ನು ಹಿಡಿದು ಏರಿಸಿ ಇಳಿಸುವುದರಲ್ಲೇ ಮುಕ್ಕಾಲು ಗಂಟೆ ಕಳೆಯಿತು. ಕೆಳಗಿನ ಮನೆಯವರು ಫೋನು ಮಾಡಿದರು. ಹುಡುಗ ತಾನೇ ಇಂಗ್ಲಿಷ್ ಅಡಿಬರಹವನ್ನು ಹಾಕಿಕೊಂಡು, ಆಮೇಲೆ ಪರದೆಯ ಕೆಳತುದಿಯನ್ನು ಬಿಟ್ಟು ಕಣ್ಣು ಮೇಲೆತ್ತಲಿಲ್ಲ. ತಾಯಿಯವರು "ಎಂತದೋ ಗಲಾಟೆ, ನಂಗೆ ತಿಳೂದಿಲ್ಲ" ಎಂದು ಒಳಗೆ ಹೋಗಿ ಮಲಗಿದರು.

ಅಡಿಬರಹ ತಪ್ಪೆಂದು ನಾವು ಹೇಳುವುದಿಲ್ಲ. ಪಕ್ಕದ ಮನೆಯ ಮರಾಠಿಗರು ಕನ್ನಡ ಚಿತ್ರ ನೋಡುವುದು ಅದರಿಂದಲೇ. ಕಿವಿ ಮಂದವಾದವರಿಗೆ ಅದೇ ಆಧಾರ. ಆದರೆ ಅಡಿಬರಹದಲ್ಲಿ ಕುಂದಾಪುರವೂ ಇಲ್ಲ, ಧಾರವಾಡವೂ ಇಲ್ಲ. "ಹ್ವಾಯ್" ಎಂದು ಕರೆದರೂ "ಏನ್ರೀ" ಎಂದು ಕರೆದರೂ ಅಲ್ಲಿ ಬೀಳುವುದು ಒಂದೇ ಇಂಗ್ಲಿಷ್ ಪದ. ಹೊರನಾಡಿನಲ್ಲಿ ಬೆಳೆಯುವ ಮಗುವಿಗೆ ತನ್ನ ತಂದೆತಾಯಿಯದಲ್ಲದ ಬೇರೆ ಕನ್ನಡವೊಂದು ಕಿವಿಗೆ ಬೀಳುವ ಸಂದರ್ಭಗಳು ಎಷ್ಟಿವೆ? ವರ್ಷಕ್ಕೊಮ್ಮೆ ಊರು, ಸಂಘದ ನಾಟಕ, ಯಕ್ಷಗಾನ, ಮತ್ತೆ ಈ ಚಿತ್ರಗಳು. ಆ ಚಿತ್ರಗಳ ಮಾತು ಮೂಲೆಯ ಡಬ್ಬದ ಗುಡುಗಿನಲ್ಲಿ ಮುಳುಗಿಹೋದರೆ ನಷ್ಟ ಯಾರದು?

ತಪ್ಪು ಚಿತ್ರದ್ದೋ ಪೆಟ್ಟಿಗೆಯದೋ ಎಂದು ನೋಡಲು ನಾವು ಮೊದಲು ಪೆಟ್ಟಿಗೆಗಳನ್ನು ಪರೀಕ್ಷಿಸಿದೆವು. ಇದಕ್ಕೊಂದು ಕ್ರಮವಿದೆ, ಕಷ್ಟದ್ದೇನಲ್ಲ. ರಿಸೀವರ್ ಎಂಬ ಯಂತ್ರದೊಳಗೇ ಒಂದು ಪರೀಕ್ಷೆಯ ಸದ್ದು ಇರುತ್ತದೆ. ಪಿಂಕ್ ನಾಯ್ಸ್ ಎನ್ನುತ್ತಾರೆ. ಮಳೆಗಾಲದಲ್ಲಿ ಹೆಂಚಿನ ಮಾಡಿನ ಮೇಲೆ ಒಂದೇ ಸಮನೆ ಮಳೆ ಸುರಿದ ಹಾಗಿರುತ್ತದೆ. ಮಂದ್ರದಿಂದ ತಾರದವರೆಗೆ ಪ್ರತಿ ಸ್ಥಾಯಿಗೂ ಸಮಾನ ಶಕ್ತಿ ಹಂಚಿದ ಸದ್ದು ಅದು. ಒಂದೊಂದೇ ಪೆಟ್ಟಿಗೆಯಿಂದ ಸರದಿಯ ಮೇಲೆ ಅದನ್ನು ಹೊರಡಿಸಿ, ನಾವು ಕೂರುವ ಜಾಗದಲ್ಲಿ, ಕಿವಿಯ ಎತ್ತರದಲ್ಲಿ ಡೆಸಿಬಲ್ ಮೀಟರನ್ನು ಹಿಡಿದು ಅಳೆಯಬೇಕು. ಮೀಟರನ್ನು 'ಸಿ' ಎಂಬ ತೂಕಕ್ಕೂ ನಿಧಾನದ ಗತಿಗೂ ಇಟ್ಟಿರಬೇಕು. ಮನೆಯ ಯಂತ್ರಗಳಲ್ಲಿ ರೂಢಿಯ ಗುರಿ 75 ಡೆಸಿಬಲ್. ಎಲ್ಲ ಪೆಟ್ಟಿಗೆಗಳೂ ಅದೇ ಅಂಕೆಯನ್ನು ತೋರಿಸುವಂತೆ ಒಂದೊಂದರ ಮಟ್ಟವನ್ನು ಯಂತ್ರದಲ್ಲಿ ಏರಿಸಿ ಇಳಿಸಿ ಸರಿಮಾಡಬೇಕು. ಅಷ್ಟೇ.

ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಬೆವರುತ್ತ ಅಳೆದೆವು. ಮುಂದಿನ ಎಡಬಲದ ಎರಡು ಪೆಟ್ಟಿಗೆಗಳು 75ರ ಆಸುಪಾಸಿನಲ್ಲಿದ್ದವು. ಹಿಂದಿನ ಎಡದ್ದು 81. ಬಲದ್ದು 77. ಸಬ್‌ವೂಫರು 86. ನಡುವಿನ ಪೆಟ್ಟಿಗೆ 69!

ಡೆಸಿಬಲ್ಲಿನ ಲೆಕ್ಕ ನಮ್ಮ ಕಿರಾಣಿ ಲೆಕ್ಕದಂತಲ್ಲ ಎಂಬುದನ್ನು ಇಲ್ಲಿ ಹೇಳಬೇಕು. 3 ಹೆಚ್ಚಾದರೆ ಆಂಪ್ಲಿಫೈಯರಿನ ಶಕ್ತಿ ಇಮ್ಮಡಿ ಬೇಕು. 10 ಹೆಚ್ಚಾದರೆ ನಮ್ಮ ಕಿವಿಗೆ ಸದ್ದು ಸುಮಾರು ಇಮ್ಮಡಿಯಾದ ಹಾಗೆ ಕೇಳುತ್ತದೆ. ನಡುವಿನ ಪೆಟ್ಟಿಗೆಗೂ ಹಿಂದಿನ ಎಡ ಪೆಟ್ಟಿಗೆಗೂ 12ರ ಅಂತರ. ಚಿತ್ರದ ಮಾತೆಲ್ಲ ಬಹುಪಾಲು ಬರುವುದು ನಡುವಿನ ಪೆಟ್ಟಿಗೆಯಿಂದ. ಅಂದರೆ ಪರದೆಯ ಮೇಲಿನ ಮನುಷ್ಯ ಆಡುತ್ತಿದ್ದ ಮಾತಿಗಿಂತ ನಮ್ಮ ಕಿವಿಯ ಹಿಂದಿನ ಗಾಳಿ, ಎಲೆ, ಜೀರುಂಡೆಗಳ ದನಿಯನ್ನೇ ನಾವು ಮೇಲೆತ್ತಿ ಕೂತಿದ್ದೆವು.

ಕಾರಣಗಳು ಮನೆಯಲ್ಲೇ ಇದ್ದವು. ಮುಂಬಯಿಯ ಹಾಲಿನಲ್ಲಿ ಸೋಫಾ ಗೋಡೆಗೆ ಒರಗಿಯೇ ಇರುತ್ತದೆ, ಬೇರೆ ಜಾಗವೆಲ್ಲಿದೆ? ಆದ್ದರಿಂದ ಹಿಂದಿನ ಪೆಟ್ಟಿಗೆ ತಲೆಯಿಂದ ಎರಡು ಅಡಿ, ಮುಂದಿನದು ಹತ್ತು ಅಡಿ. ಬಯಲಿನಲ್ಲಾದರೆ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗಳು ಪ್ರತಿಧ್ವನಿಸುವುದರಿಂದ ಅಷ್ಟು ಇಳಿಯದಿದ್ದರೂ ಹತ್ತಿರದ್ದು ಹತ್ತಿರದ್ದೇ. ಸಬ್‌ವೂಫರು ಮೂಲೆಯಲ್ಲಿ, ಎರಡು ಗೋಡೆ ಮತ್ತು ನೆಲ ಸೇರಿದ ಜಾಗದಲ್ಲಿ ಮಂದ್ರದ ಸದ್ದು ಊದಿಕೊಳ್ಳುತ್ತದೆ. ಇನ್ನು ನಡುವಿನ ಪೆಟ್ಟಿಗೆಯ ಕಥೆ. ಅದನ್ನು ಟಿ.ವಿ. ಕೆಳಗಿನ ಕಪಾಟಿನ ಒಳಭಾಗಕ್ಕೆ ತಳ್ಳಿ, ಮುಂದೆ ಗಣಪತಿಯ ಹಿತ್ತಾಳೆ ವಿಗ್ರಹವನ್ನೂ ಮದುವೆಯ ಫೋಟೋವನ್ನೂ ಇಟ್ಟಿದ್ದೆವು. ಇದರ ಜವಾಬ್ದಾರಿ ಅಂಗಡಿಯ ಹುಡುಗನದಲ್ಲ.

ಈ ಮಟ್ಟ ಸರಿಪಡಿಸುವ ಕೆಲಸವನ್ನು ಕೀಳಾಗಿ ಕಾಣುವವರಿಗೆ ಒಂದು ಹಳೆಯ ಪ್ರಸಂಗವನ್ನು ನೆನಪಿಸುತ್ತೇವೆ. 1933ರ ಏಪ್ರಿಲ್ 27ರಂದು ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದ ವಾದ್ಯಮೇಳವನ್ನು ಟೆಲಿಫೋನ್ ತಂತಿಗಳ ಮೂಲಕ ಸುಮಾರು 200 ಕಿಲೋಮೀಟರ್ ದೂರದ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಮುಟ್ಟಿಸಿದರು. ಅಲ್ಲಿ ಮೂರು ಮೈಕು. ಇಲ್ಲಿ ಖಾಲಿ ವೇದಿಕೆಯ ಮೇಲೆ ಎಡ, ನಡು, ಬಲ ಎಂದು ಮೂರು ಕಡೆ ಧ್ವನಿವರ್ಧಕ. ಮೇಳದ ನಿರ್ದೇಶಕ ಲಿಯೋಪೋಲ್ಡ್ ಸ್ಟೊಕೋವ್‌ಸ್ಕಿ ಎಲ್ಲಿದ್ದರು? ಫಿಲಡೆಲ್ಫಿಯಾದಲ್ಲಿ ಕೋಲು ಹಿಡಿಯುವ ಕೆಲಸವನ್ನು ತಮ್ಮ ಸಹಾಯಕ ಅಲೆಕ್ಸಾಂಡರ್ ಸ್ಮಾಲೆನ್ಸ್‌ಗೆ ಒಪ್ಪಿಸಿ, ತಾವು ವಾಷಿಂಗ್ಟನ್ನಿನಲ್ಲಿ ಧ್ವನಿಯ ಗುಂಡಿಗಳ ಮುಂದೆ ಕೂತಿದ್ದರು. ಆ ಕಾಲದ ಅತಿ ದೊಡ್ಡ ಸಂಗೀತಗಾರರೊಬ್ಬರು ಮೇಳವನ್ನು ಬಿಟ್ಟು ಮಟ್ಟಗಳನ್ನು ಹಿಡಿದು ಕೂತರು. ಎರಡು ಸಾಲದು, ನಡುವೆ ಮೂರನೆಯದೊಂದು ಬೇಕು ಎಂದು ಆ ಪ್ರಯೋಗಾಲಯದವರು ಕಂಡುಕೊಂಡದ್ದೂ ಆ ದಿನಗಳಲ್ಲೇ. ಎಡಬಲ ಎರಡೇ ಇದ್ದರೆ ಸರಿಯಾಗಿ ಮಧ್ಯದಲ್ಲಿ ಕೂತವನಿಗಷ್ಟೇ ಧ್ವನಿ ನಡುವಿನಿಂದ ಬಂದಂತೆ ಕೇಳುತ್ತದೆ. ಪಕ್ಕದಲ್ಲಿ ಕೂತವನಿಗೆ ಅದು ಹತ್ತಿರದ ಪೆಟ್ಟಿಗೆಗೆ ಜಾರಿಬಿಡುತ್ತದೆ. 1953ರಲ್ಲಿ ಸಿನಿಮಾಸ್ಕೋಪ್ ಬಂದಾಗ ನಡುವಿನ ವಾಹಿನಿಯೂ ಅದರೊಡನೆ ಥಿಯೇಟರಿಗೆ ಬಂತು.

ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಅದೇ 1933ರಲ್ಲಿ ಮನ್ಸನ್ ಎಂಬವರ ಜೊತೆಗೂಡಿ ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಸದ್ದು ತಗ್ಗಿದಂತೆಲ್ಲ ನಮ್ಮ ಕಿವಿಗೆ ಮಂದ್ರಸ್ವರಗಳು ಉಳಿದವಕ್ಕಿಂತ ಬೇಗ ಕಾಣೆಯಾಗುತ್ತವೆ. ನಮ್ಮ ಮನೆಗಳಲ್ಲಿ ಆಗುವುದನ್ನು ಇದು ವಿವರಿಸುತ್ತದೆ. ರಾತ್ರಿ ಹತ್ತು ಗಂಟೆಗೆ ಸದ್ದು ತಗ್ಗಿಸುತ್ತೇವೆ. "ಬೇಸ್ ಹೋಯಿತು" ಎಂದು ಸಬ್‌ವೂಫರಿನ ಗುಂಡಿಯನ್ನು ಮೂರು ಗೆರೆ ತಿರುಗಿಸುತ್ತೇವೆ. ಭಾನುವಾರ ಹಗಲು ಸದ್ದು ಏರಿಸಿದಾಗ ಆ ಗುಂಡಿ ಅಲ್ಲೇ ಇರುತ್ತದೆ. ಮೂರು ಭಾನುವಾರಗಳಾದ ಮೇಲೆ ಮನೆಯಲ್ಲಿ ಉಳಿಯುವುದು ಬೇಸು ಮಾತ್ರ.

ಫೋನಿನಲ್ಲಿ ಅಳೆಯಬಹುದಲ್ಲವೇ ಎಂದು ಕೇಳುವವರುಂಟು. ಅಳೆಯಬಹುದು. ಐದು ಪೆಟ್ಟಿಗೆಗಳನ್ನು ಒಂದಕ್ಕೊಂದು ಹೋಲಿಸಲು ಫೋನು ಸಾಕು, ಅಂಕೆ ನಿಖರವಾಗಿರದಿದ್ದರೂ ಅಂತರ ಗೊತ್ತಾಗುತ್ತದೆ. ಸಬ್‌ವೂಫರಿಗೆ ಮಾತ್ರ ಅದನ್ನು ನಂಬಬಾರದು. ಫೋನಿನ ಮೈಕು ಮನುಷ್ಯರ ಮಾತಿಗಾಗಿ ಮಾಡಿದ್ದು. ಮಂದ್ರವನ್ನು ಕಡಿಮೆಯೆಂದು ತೋರಿಸುತ್ತದೆ. ಅದನ್ನು ನಂಬಿ 75 ಮುಟ್ಟಿಸಲು ಹೋದವರು ಸಬ್‌ವೂಫರನ್ನು ಮತ್ತಷ್ಟು ಏರಿಸಿಬಿಡುತ್ತಾರೆ. ಮಂದ್ರದ ವಾಹಿನಿಗೆ ಯಂತ್ರವೇ 10 ಡೆಸಿಬಲ್ ಹೆಚ್ಚು ಸ್ಥಾನವನ್ನು ಕೊಟ್ಟಿರುತ್ತದೆ ಎಂಬುದನ್ನೂ ನೆನಪಿಡಬೇಕು. ಅದಕ್ಕೆ ನಮ್ಮ ಸಹಾಯ ಬೇಕಾಗಿಲ್ಲ.

ಈಗಿನ ಯಂತ್ರಗಳ ಜೊತೆಗೆ ಸಣ್ಣದೊಂದು ಮೈಕು ಬರುತ್ತದೆ. ಅದನ್ನು ಸೋಫಾದ ಮೇಲಿಟ್ಟು ಗುಂಡಿ ಒತ್ತಿದರೆ ಯಂತ್ರ ತಾನೇ ಎಲ್ಲವನ್ನೂ ಅಳೆದು ಸರಿಮಾಡಿಕೊಳ್ಳುತ್ತದೆ. ಒಳ್ಳೆಯ ಸೌಕರ್ಯ. ನಮ್ಮ ತಕರಾರು ಅದರ ಮೇಲಲ್ಲ, ಅದನ್ನು ಬಳಸುವ ರೀತಿಯ ಮೇಲೆ. ನಮ್ಮ ಸ್ನೇಹಿತರೊಬ್ಬರು ಮೈಕನ್ನು ಸೋಫಾದ ಕುಶನ್ನಿನಲ್ಲಿ ಹುದುಗಿಸಿಟ್ಟು, ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರುವಾಗಲೇ ಗುಂಡಿ ಒತ್ತಿದರು. ಯಂತ್ರ ಪಾಪ, ತೆಂಗಿನಕಾಯಿ ರುಬ್ಬುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಮೈಕು ಕಿವಿಯ ಎತ್ತರದಲ್ಲಿ, ಸ್ಟ್ಯಾಂಡಿನ ಮೇಲೆ ಇರಬೇಕು. ಮನೆ ನಿಶ್ಶಬ್ದವಾಗಿರಬೇಕು. ಮುಂಬಯಿಯಲ್ಲಿ ಅದು ಬೆಳಗಿನ ಜಾವ ಮಾತ್ರ ಸಾಧ್ಯ, ಆ ಹೊತ್ತಿನಲ್ಲಿ ಪಿಂಕ್ ನಾಯ್ಸ್ ಮೊಳಗಿಸಿದರೆ ಸೊಸೈಟಿಯವರು ಏನನ್ನುತ್ತಾರೋ ಅದು ಬೇರೆ ವಿಷಯ.

ಇಷ್ಟೆಲ್ಲ ಆದಮೇಲೂ ಚಿತ್ರದವರ ತಪ್ಪು ಏನೂ ಇಲ್ಲವೇ? ಇದೆ. ಥಿಯೇಟರಿನಲ್ಲಿ ಪರದೆಯ ಹಿಂದಿನ ಪ್ರತಿ ಧ್ವನಿವರ್ಧಕಕ್ಕೂ ಪರೀಕ್ಷೆಯ ಸದ್ದಿನಲ್ಲಿ 85 ಡೆಸಿಬಲ್ ಎಂದು ಕಟ್ಟಳೆ. ಪಕ್ಕದ ಗೋಡೆಯವಕ್ಕೆ 82. ಡಾಲ್ಬಿ ಯಂತ್ರದಲ್ಲಿ ಆ ಮಟ್ಟಕ್ಕೆ 7 ಎಂಬ ಅಂಕೆ. ಚಿತ್ರದ ಧ್ವನಿಯನ್ನು ಬೆರೆಸುವವರೂ ಅದೇ 7ರಲ್ಲಿ ಕೇಳಿ ಬೆರೆಸುತ್ತಾರೆ. ಈಗ ಆಗಿರುವುದೇನು? ಚಿತ್ರ ಜೋರಾಯಿತೆಂದು ಪ್ರೇಕ್ಷಕರು ದೂರುತ್ತಾರೆ, ಮ್ಯಾನೇಜರು 5ಕ್ಕೆ ಇಳಿಸುತ್ತಾನೆ. 5ರಲ್ಲಿ ತಮ್ಮ ಚಿತ್ರ ಸಪ್ಪೆಯಾಯಿತೆಂದು ಮುಂದಿನ ಚಿತ್ರದವರು ಇನ್ನೂ ಜೋರಾಗಿ ಬೆರೆಸುತ್ತಾರೆ. ಮ್ಯಾನೇಜರು 4ಕ್ಕೆ ಇಳಿಸುತ್ತಾನೆ. ಈ ಹಗ್ಗಜಗ್ಗಾಟದಲ್ಲಿ ಹೊಡೆದಾಟದ ಸದ್ದು ಹೇಗೂ ಬದುಕಿಕೊಳ್ಳುತ್ತದೆ; ಸಾಯುವುದು ಮೆಲುಮಾತು. ಕನ್ನಡದಲ್ಲಿ ಈಚೆಗೆ ಬಂದ ಅದ್ದೂರಿ ಚಿತ್ರಗಳಲ್ಲಿ ನಾಯಕ ಒಂದು ವಾಕ್ಯ ಆಡಬೇಕಾದರೂ ಅದರ ಕೆಳಗೆ ನಗಾರಿಯೊಂದು ಬೇಕೇ ಬೇಕು ಎಂಬ ಹಟವಿದೆ. 'ಕೆ.ಜಿ.ಎಫ್.' ಚಿತ್ರದ ಎರಡು ಭಾಗಗಳನ್ನು ನಾವು ಇದೇ ಸರಿಪಡಿಸಿದ ಪೆಟ್ಟಿಗೆಗಳಲ್ಲಿ ಮತ್ತೆ ಕೇಳಿದೆವು. 2018ರ ಮೊದಲ ಭಾಗದಲ್ಲಿ ಕಥೆ ಹೇಳುವ ಅನಂತನಾಗರ ಕಂಠಕ್ಕೆ ಜಾಗವಿತ್ತು. 2022ರ ಎರಡನೆಯ ಭಾಗದಲ್ಲಿ ಉಸಿರು ಬಿಡಲು ಎಡೆಯಿಲ್ಲ. ಅಲ್ಲಿ ನಡುವಿನ ಪೆಟ್ಟಿಗೆಯನ್ನು ಎಷ್ಟು ಏರಿಸಿದರೂ ಪ್ರಯೋಜನ ಅಲ್ಪ, ಏಕೆಂದರೆ ಅಬ್ಬರ ಆ ಪೆಟ್ಟಿಗೆಯೊಳಕ್ಕೂ ಹೊಕ್ಕಿದೆ.

'ಕಾಂತಾರ'ದ ಬಗ್ಗೆ ಮಾತ್ರ ನಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು. ಮೊದಲ ಸಲ ನೋಡಿದಾಗ "ಬರೀ ಗದ್ದಲ" ಎಂದು ಈ ಲೇಖಕರೇ ಸಂಘದ ಚಹಾ ಮೇಜಿನಲ್ಲಿ ತೀರ್ಪು ಕೊಟ್ಟಿದ್ದುಂಟು. ಅದು ಅನ್ಯಾಯ. ಪೆಟ್ಟಿಗೆಗಳನ್ನು ಸರಿಮಾಡಿ ನೋಡಿದಾಗ ಅಜನೀಶ್ ಲೋಕನಾಥರ ಸಂಗೀತದ ಅಡಿಯಲ್ಲೇ ಹಳ್ಳಿಯವರ ಮಾತು, ಎದುರುತ್ತರ, ಗೊಣಗಾಟ ಬಿಡಿಬಿಡಿಯಾಗಿ ಕೇಳಿತು. ಇನ್ನೂ ಮುಖ್ಯವಾದದ್ದು ಕೊನೆಯ ಭಾಗ. ಅಷ್ಟು ಹೊತ್ತಿನ ಬೆಂಕಿ, ರಕ್ತ, ಆರ್ಭಟಗಳಾದ ಮೇಲೆ ದೈವ ಬಂದವನು ಊರವರ ಕೈಯನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಒಂದುಗೂಡಿಸಿ ಎದೆಗೊತ್ತಿಕೊಳ್ಳುವಲ್ಲಿ ಮಾತೇ ಇಲ್ಲವೆನ್ನಬೇಕು. ಆ ನಿಶ್ಶಬ್ದಕ್ಕೆ ಬೆಲೆ ಬರುವುದು ಅದರ ಹಿಂದಿನ ಸದ್ದು ಅಳತೆಯಲ್ಲಿದ್ದಾಗ. ನಮ್ಮ ಮನೆಯಲ್ಲಿ ಮೊದಲ ಸಲ ಆ ಹೊತ್ತಿಗೆ ಕಿವಿಗಳು ಗುಂಯ್‌ಗುಟ್ಟುತ್ತಿದ್ದವು. ಅದು ನಿಶ್ಶಬ್ದವೆಂದೇ ಗೊತ್ತಾಗಿರಲಿಲ್ಲ.

ಕರಾವಳಿಯವರಿಗೆ ಈ ಅಳತೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಯಕ್ಷಗಾನದ ಬಯಲಾಟದಲ್ಲಿ ವೀರರಸಕ್ಕೆ ಚೆಂಡೆ ಎಷ್ಟು ಬೇಕಾದರೂ ಮೊಳಗಲಿ, ವೇಷಧಾರಿ ಅರ್ಥ ಹೇಳಲು ನಿಂತನೆಂದರೆ ಚೆಂಡೆಯವನ ಕೋಲು ತಾನಾಗಿ ಇಳಿಯುತ್ತದೆ. ಭಾಗವತರು ಕಣ್ಣಿನಲ್ಲೇ ಆ ಕೆಲಸ ಮಾಡಿಸುತ್ತಾರೆ. ಅದೇ ಆಟವನ್ನು ಮುಂಬಯಿಯ ಸಭಾಗೃಹಕ್ಕೆ ತಂದಾಗ ನಾವೇನು ಮಾಡುತ್ತೇವೆ? ಊರೆಲ್ಲ ಕೇಳುವ ಚೆಂಡೆಗೂ ಒಂದು ಮೈಕು ಕೊಡುತ್ತೇವೆ! ಕಳೆದ ವರ್ಷ ಒಂದು ಸಭಾಗೃಹದಲ್ಲಿ ನಾಲ್ಕನೆಯ ಸಾಲಿನಲ್ಲಿ ಕೂತಿದ್ದ ನಮಗೆ ಭಾಗವತರ ಬಾಯಿ ಆಡುವುದು ಕಂಡಿತು, ಪದ ಕೇಳಲಿಲ್ಲ. ಮಿಕ್ಸರಿನ ಮುಂದೆ ಕೂತ ತರುಣ ಫೋನು ನೋಡುತ್ತಿದ್ದ.

ಇನ್ನು ನೆರೆಹೊರೆಯ ವಿಚಾರ. ಸರಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಅದನ್ನು ಅಳೆಯುವ ತೂಕ ಬೇರೆ. ನಮ್ಮ 75ನ್ನು ನೇರವಾಗಿ ಹೋಲಿಸಲಾಗದು. ಆದರೂ ಥಿಯೇಟರಿನ ಪೂರ್ಣ ಮಟ್ಟದಲ್ಲಿ ಒಂದೊಂದು ಪೆಟ್ಟಿಗೆಯ ಶಿಖರ 105ರವರೆಗೆ ಹೋಗುತ್ತದೆಂದರೆ ಫ್ಲಾಟಿನಲ್ಲಿ ಅದಕ್ಕೆ ಜಾಗವಿಲ್ಲವೆಂದು ಯಾರಿಗೂ ಹೊಳೆಯಬೇಕು. ಆದ್ದರಿಂದ ಮಟ್ಟಗಳನ್ನು 75ಕ್ಕೆ ಸಮಮಾಡಿದ ಮೇಲೆ ಒಟ್ಟು ಸದ್ದನ್ನು ಬೇಕಾದಷ್ಟು ತಗ್ಗಿಸಿಯೇ ನೋಡಬೇಕು. ತಗ್ಗಿಸಿದಾಗ ನಡುವಿನ ಪೆಟ್ಟಿಗೆಯನ್ನು ಉಳಿದವಕ್ಕಿಂತ 2 ಡೆಸಿಬಲ್ ಏರಿಸಿಡುವುದು ನಮಗೆ ಹಿತವೆನಿಸಿತು. ಶುದ್ಧಿವಾದಿಗಳು ಇದನ್ನು ಒಪ್ಪುವುದಿಲ್ಲ. ಎಲ್ಲ ಸಮವಾಗಿರಬೇಕು, ಚಿತ್ರದವರು ಬೆರೆಸಿದ್ದನ್ನು ಮುಟ್ಟಬಾರದು ಎನ್ನುತ್ತಾರೆ. ಅವರ ಮನೆಯಲ್ಲಿ ಎಂಬತ್ತರ ತಾಯಿ ಇದ್ದಂತಿಲ್ಲ.

ಗಣಪತಿ ಷೋಕೇಸಿಗೆ ಹೋದ. ಮದುವೆಯ ಫೋಟೋ ಬೆಡ್‌ರೂಮಿಗೆ ಹೋಯಿತು. ನಡುವಿನ ಪೆಟ್ಟಿಗೆಯನ್ನು ಕಪಾಟಿನ ಅಂಚಿಗೆ ಎಳೆದು, ಮುಂಭಾಗಕ್ಕೆ ಎರಡು ರಬ್ಬರ್ ತುಂಡು ಕೊಟ್ಟು, ಕೂತವರ ಮುಖದ ಕಡೆಗೆ ತುಸು ಮೇಲ್ಮುಖವಾಗಿಸಿದೆವು. ಅಷ್ಟರಲ್ಲೇ ಮೀಟರು ಎರಡು ಅಂಕೆ ಏರಿತು. ಉಳಿದದ್ದನ್ನು ಯಂತ್ರದಲ್ಲಿ ಸೇರಿಸಿದೆವು. ಹಿಂದಿನ ಎರಡನ್ನು ಗೋಡೆಯ ಮೇಲೆ, ಕಿವಿಗಿಂತ ಎರಡು ಅಡಿ ಎತ್ತರಕ್ಕೆ ಏರಿಸಿ ಮಟ್ಟ ಇಳಿಸಿದೆವು. ಸಬ್‌ವೂಫರು ಮೂಲೆ ಬಿಟ್ಟು ಈಚೆಗೆ ಬಂತು. ಅದು ಈಗ ನಡೆದಾಡುವವರ ಕಾಲಿಗೆ ತಗಲುತ್ತದೆಂದು ಮನೆಯಾಕೆಯ ದೂರಿದೆ, ಅದು ನಿಜವೂ ಹೌದು.

ಮತ್ತೊಂದು ಶನಿವಾರ ಅದೇ ಚಿತ್ರ. ತಾಯಿಯವರು ಬರಲೊಲ್ಲೆನೆಂದರು, ಹತ್ತು ನಿಮಿಷ ಕೂತು ನೋಡಿ ಎಂದು ಕರೆತಂದೆವು. ಕಂಬಳ ಕಳೆದು ಹುಡುಗರ ಮಾತಿನ ಪಂದ್ಯ ಬಂದಾಗ ಅವರು ಒಮ್ಮೆಲೇ ನಕ್ಕರು. ಹುಡುಗ ಅಡಿಬರಹದಿಂದ ತಲೆಯೆತ್ತಿದ. ಅವನು ಓದಿದ್ದರಲ್ಲಿ ನಗುವಂಥದ್ದೇನೂ ಇರಲಿಲ್ಲ.

"ಅಜ್ಜೀ, ಈಗ ಅವನು ಏನಂದ?"

ಅವರು ಆ ಮಾತನ್ನು ಊರಿನಲ್ಲಿ ಹೇಗೆ ಆಡುತ್ತಾರೋ ಹಾಗೆ, ಕೈ ತಿರುವಿ, ಆಡಿ ತೋರಿಸಿದರು. ಹುಡುಗ ಚಿತ್ರವನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಅಷ್ಟನ್ನು ಮತ್ತೊಮ್ಮೆ ಕೇಳಿದ. ಅಡಿಬರಹವನ್ನು ಅವನು ಅಂದು ತೆಗೆಯಲಿಲ್ಲ. ಎರಡೂವರೆ ಗಂಟೆಯ ಚಿತ್ರ ಹೀಗೆ ನಿಂತು ನಿಂತು ಮೂರೂಕಾಲು ಗಂಟೆಯಾಯಿತು. ಕೆಳಗಿನ ಮನೆಯವರ ಫೋನು ಬರಲಿಲ್ಲ.